ಕರೆಯದೆ ಬರುವ ಖಾಲಿ ಕಡತ: ಕೋಷ್ಟಕ ತಂತ್ರಾಂಶದ ಒಂದು ತೊಡಕು ಮತ್ತು ಅದರ ನಿವಾರಣೆ

ಲೆಕ್ಕದ ಶುದ್ಧಿಯೇ ಸಂಸ್ಥೆಯ ಬಾಳಿಗೆ ಆಧಾರವೆಂಬುದನ್ನು ನಮ್ಮ ಪರಂಪರೆಯು ಬಹು ಹಿಂದೆಯೇ ಮನಗಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದ ಬಸವಣ್ಣನವರೇ ಕಾಯಕ ದಾಸೋಹಗಳ ತತ್ತ್ವವನ್ನು ಲೋಕಕ್ಕೆ ನೀಡಿದರೆಂಬುದು ಗಮನಾರ್ಹವಾದ ಸಂಗತಿ. ದಾಸೋಹಕ್ಕೆ ಬಂದ ಒಂದು ಸೇರು ಅಕ್ಕಿಗೂ, ವಿದ್ಯಾರ್ಥಿಯು ಗಳಿಸಿದ ಒಂದು ಅಂಕಕ್ಕೂ ತಕ್ಕ ಲೆಕ್ಕವಿರಬೇಕೆಂಬ ನಿಷ್ಠೆಯು ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಸಹಜವಾದುದು. ಒಂದು ಕಾಲಕ್ಕೆ ಈ ಲೆಕ್ಕವೆಲ್ಲವೂ ರಟ್ಟು ಹಾಕಿದ ಖಿರ್ದಿ, ಖತಾವಣಿ ಮತ್ತು ಹಾಜರಿ ಪುಸ್ತಕಗಳಲ್ಲಿ ಅಡಕವಾಗಿರುತ್ತಿತ್ತು. ಇಂದು ಅದರ ಬಹುಭಾಗವು ಗಣಕಯಂತ್ರದ ಕೋಷ್ಟಕ ತಂತ್ರಾಂಶಕ್ಕೆ, ವಿಶೇಷವಾಗಿ ಎಕ್ಸೆಲ್ ಎಂಬ ತಂತ್ರಾಂಶಕ್ಕೆ, ವರ್ಗವಾಗಿದೆ.

ಈ ತಂತ್ರಾಂಶವನ್ನು ಬಳಸುವ ಅಧ್ಯಾಪಕರಿಗೂ ಗುಮಾಸ್ತರಿಗೂ ಆಗಾಗ ಎದುರಾಗುವ ತೊಡಕೊಂದುಂಟು. ಅಂಕಪಟ್ಟಿಯ ಕಡತವನ್ನು ತೆರೆಯಲೆಂದು ಒತ್ತಿದರೆ ಅದರ ಜೊತೆಗೆ ಏನೂ ಬರೆಯದ ಮತ್ತೊಂದು ಹಾಳೆಯೂ ಬಂದು ನಿಲ್ಲುತ್ತದೆ. ಕೆಲವು ವೇಳೆ ಬೇಕಾದ ಕಡತವು ಕಾಣದೆ ಖಾಲಿ ಕಿಟಕಿ ಮಾತ್ರ ತೆರೆದುಕೊಳ್ಳುತ್ತದೆ. ಮತ್ತೆ ಕೆಲವು ವೇಳೆ ಕಡತದ ಹೆಸರು ಸರಿಯಾಗಿಯೇ ಇದ್ದು, ಒಳಗೆ ಅಕ್ಷರವೊಂದೂ ತೋರುವುದಿಲ್ಲ. ನೋಡಲು ಇದು ಕ್ಷುಲ್ಲಕವಾದ ಕಿರಿಕಿರಿ. ಆದರೆ ಖಾಲಿ ಹಾಳೆಯನ್ನು ಕಂಡು ಗಾಬರಿಗೊಂಡವರು ಅದನ್ನೇ ಹಳೆಯ ಕಡತದ ಹೆಸರಿನಲ್ಲಿ ಉಳಿಸಿಬಿಟ್ಟರೆ ವರ್ಷವಿಡೀ ಬರೆದ ಲೆಕ್ಕವು ಒಂದು ಕ್ಷಣದಲ್ಲಿ ಅಳಿದುಹೋಗುತ್ತದೆ. ಖಾಲಿ ಹಾಳೆಯಿಂದ ಹಾನಿಯಾಗುವುದು ಅಪರೂಪ; ಅದನ್ನು ಕಂಡಾಗ ನಾವು ಅವಸರದಿಂದ ಮಾಡುವ ಕೆಲಸದಿಂದಲೇ ಹಾನಿ ಹೆಚ್ಚು. ಆದುದರಿಂದ ಈ ತೊಡಕಿನ ಕಾರಣಗಳನ್ನೂ, ಅವುಗಳನ್ನು ಒಂದು ಕ್ರಮದಲ್ಲಿ ಪರೀಕ್ಷಿಸುವ ವಿಧಾನವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಹಿನ್ನೆಲೆ

ಗಣಕಯಂತ್ರದ ತೆರೆಯ ಮೇಲೆ ಅಡ್ಡಸಾಲು ಕಂಬಸಾಲುಗಳ ಕೋಷ್ಟಕವನ್ನು ಮೂಡಿಸಿ, ಒಂದು ಮನೆಯ ಅಂಕಿ ಬದಲಾದೊಡನೆ ಅದನ್ನು ಅವಲಂಬಿಸಿದ ಇತರ ಮನೆಗಳ ಅಂಕಿಗಳೂ ತಾವಾಗಿಯೇ ಬದಲಾಗುವಂತೆ ಮಾಡಿದ ಮೊದಲ ಜನಪ್ರಿಯ ತಂತ್ರಾಂಶ ವಿಸಿಕ್ಯಾಲ್ಕ್. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ರೂಪಿಸಿದ ಇದು ೧೯೭೯ರಲ್ಲಿ ಆಪಲ್ ೨ ಗಣಕಯಂತ್ರಕ್ಕಾಗಿ ಹೊರಬಂದಿತು. ೧೯೮೩ರಲ್ಲಿ ಲೋಟಸ್ ೧-೨-೩ ಬಂದು ವ್ಯಾಪಾರಿ ಜಗತ್ತನ್ನು ಆವರಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ ೧೯೮೫ರಲ್ಲಿ ಮೆಕಿಂಟಾಷ್ ಯಂತ್ರಕ್ಕೂ, ೧೯೮೭ರಲ್ಲಿ ವಿಂಡೋಸ್ ವ್ಯವಸ್ಥೆಗೂ ಸಿದ್ಧವಾಯಿತು.

ಎಕ್ಸೆಲ್‌ನ ಇತಿಹಾಸದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಘಟ್ಟಗಳು ಎರಡು. ಮೊದಲನೆಯದು ೨೦೦೭ರ ಆವೃತ್ತಿ. ಅದುವರೆಗೆ ಒಂದು ಹಾಳೆಯಲ್ಲಿ ೬೫,೫೩೬ ಅಡ್ಡಸಾಲುಗಳೂ ೨೫೬ ಕಂಬಸಾಲುಗಳೂ ಇದ್ದವು. ಆ ಆವೃತ್ತಿಯಿಂದ ಅಡ್ಡಸಾಲುಗಳು ೧೦,೪೮,೫೭೬ಕ್ಕೂ, ಕಂಬಸಾಲುಗಳು ೧೬,೩೮೪ಕ್ಕೂ ಏರಿದವು. ಇಷ್ಟು ವಿಶಾಲವಾದ ಹಾಳೆಯಲ್ಲಿ ಬರೆದ ಭಾಗವು ಕಣ್ಣಿಗೆ ಬೀಳದೆ ಹೋಗುವುದು ಅಸಂಭವವೇನಲ್ಲ. ಎರಡನೆಯದು ೨೦೧೩ರ ಆವೃತ್ತಿ. ಅದಕ್ಕೆ ಮುಂಚೆ ತೆರೆದ ಪುಸ್ತಕಗಳೆಲ್ಲವೂ ಒಂದೇ ದೊಡ್ಡ ಚೌಕಟ್ಟಿನೊಳಗೆ ಇರುತ್ತಿದ್ದವು. ೨೦೧೩ರಿಂದ ಪ್ರತಿಯೊಂದು ಪುಸ್ತಕಕ್ಕೂ ಪ್ರತ್ಯೇಕ ಕಿಟಕಿ ದೊರೆಯಿತು. ಆದುದರಿಂದ ಹಿಂದೆ ಚೌಕಟ್ಟಿನ ಮರೆಯಲ್ಲಿ ಅಡಗಿರುತ್ತಿದ್ದ ಹೆಚ್ಚುವರಿ ಪುಸ್ತಕವು ಈಗ ಸ್ವತಂತ್ರವಾಗಿ ಎದುರಿಗೆ ಬಂದು ನಿಲ್ಲುತ್ತದೆ.

೨. ಪ್ರಥಮ ಕರ್ತವ್ಯ

ಖಾಲಿ ಹಾಳೆಯು ಕಂಡೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಕೈಯನ್ನು ಕೀಲಿಮಣೆಯಿಂದ ತೆಗೆಯುವುದು. ಅದರಲ್ಲಿ ಏನನ್ನೂ ಬರೆಯಬಾರದು. ಯಾವ ಹೆಸರಿನಿಂದಲೂ ಉಳಿಸಬಾರದು. ಕಿಟಕಿಯ ಮೇಲ್ತುದಿಯ ಪಟ್ಟಿಯಲ್ಲಿ ಆ ಪುಸ್ತಕದ ಹೆಸರಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಇದ್ದಂತೆಯೇ ಬರೆದುಕೊಳ್ಳಬೇಕು. ವೈದ್ಯನಿಗೆ ನಾಡಿಯು ಹೇಗೋ ಹಾಗೆ ಈ ತೊಡಕಿನ ಪರೀಕ್ಷಕನಿಗೆ ಆ ಹೆಸರೇ ಮೊದಲ ಸೂಚನೆ.

ಹೆಸರು ‘ಬುಕ್ ೧’ ಅಥವಾ ‘ಬುಕ್ ೨’ ಎಂದಿದ್ದರೆ ಆ ಹಾಳೆಯನ್ನು ತಂತ್ರಾಂಶವೇ ಆಗತಾನೆ ಸೃಷ್ಟಿಸಿದೆ. ಅದು ಇನ್ನೂ ಯಾವ ಕಡತವೂ ಆಗಿಲ್ಲ. ‘ಪರ್ಸನಲ್’ ಎಂದಿದ್ದರೆ ಅದು ಮ್ಯಾಕ್ರೋಗಳನ್ನು, ಅಂದರೆ ಯಂತ್ರಕ್ಕೆ ಕಲಿಸಿಟ್ಟ ಕಾರ್ಯಸರಣಿಗಳನ್ನು, ಕೂಡಿಟ್ಟ ಪುಸ್ತಕ. ಬೇರೆ ಯಾವುದಾದರೂ ನಿರ್ದಿಷ್ಟ ಹೆಸರಿದ್ದರೆ ಆ ಕಡತವು ಯಂತ್ರದೊಳಗೆ ಎಲ್ಲಿಯೋ ಇದ್ದು, ಯಾವುದೋ ಅಪ್ಪಣೆಯ ಮೇರೆಗೆ ಪ್ರತಿಸಲವೂ ತೆರೆಯಲ್ಪಡುತ್ತಿದೆ. ಹೆಸರೇ ಇಲ್ಲದೆ, ಮನೆಗಳ ಗೆರೆಗಳೂ ಇಲ್ಲದೆ ಬರಿಯ ಬೂದು ಬಣ್ಣದ ಕಿಟಕಿ ಕಂಡರೆ ಅಲ್ಲಿ ಯಾವ ಪುಸ್ತಕವೂ ತೋರುವ ಸ್ಥಿತಿಯಲ್ಲಿ ಇಲ್ಲವೆಂದು ಅರ್ಥ.

ಈ ಸೂಚನೆಗಳ ಆಧಾರದಿಂದ ತೊಡಕನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಬೇಡವಾದ ಪುಸ್ತಕವು ಹೆಚ್ಚಾಗಿ ಬರುವುದು, ಬೇಕಾದ ಪುಸ್ತಕವು ಬಾರದಿರುವುದು, ಬಂದ ಪುಸ್ತಕದಲ್ಲಿ ಬರಹವು ಕಾಣದಿರುವುದು. ಮೂರಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಒಂದರ ಔಷಧವನ್ನು ಇನ್ನೊಂದಕ್ಕೆ ಪ್ರಯೋಗಿಸಿದರೆ ಕಾಲಹರಣವಲ್ಲದೆ ಫಲವಿಲ್ಲ.

೩. ಮೊದಲನೆಯ ಬಗೆ: ಬೇಡವಾದುದು ಬರುವುದು

ಕ. ಆರಂಭದ ತೆರೆ. ೨೦೧೩ರ ಆವೃತ್ತಿಯಿಂದ ಈಚೆಗೆ ಎಕ್ಸೆಲ್ ಅನ್ನು ನೇರವಾಗಿ ಪ್ರಾರಂಭಿಸಿದಾಗ, ಯಾವ ಕಡತ ಬೇಕೆಂದು ಕೇಳುವ ಒಂದು ಆರಂಭದ ತೆರೆ ಮೂಡುತ್ತದೆ. ಫೈಲ್ ಎಂಬಲ್ಲಿ ಆಪ್ಷನ್ಸ್, ಅದರಲ್ಲಿ ಜನರಲ್ ಎಂಬ ಪುಟದ ಕೊನೆಯಲ್ಲಿ ಈ ತೆರೆಯನ್ನು ತೋರಿಸಬೇಕೆ ಬೇಡವೆ ಎಂಬ ಗುರುತಿನ ಚೌಕವಿದೆ. ಗುರುತನ್ನು ತೆಗೆದರೆ ಆರಂಭದ ತೆರೆಯ ಬದಲು ‘ಬುಕ್ ೧’ ಎಂಬ ಖಾಲಿ ಪುಸ್ತಕವೇ ತೆರೆಯುತ್ತದೆ. ಇದು ದೋಷವಲ್ಲ, ಯಾರೋ ಮಾಡಿದ ಆಯ್ಕೆ. ಬೇಡವೆನಿಸಿದರೆ ಗುರುತನ್ನು ಮರಳಿ ಹಾಕಿದರಾಯಿತು.

ಖ. ಆರಂಭದ ಫೋಲ್ಡರ್. ಎಕ್ಸೆಲ್‌ಗೆ ಎಕ್ಸ್‌ಎಲ್‌ಸ್ಟಾರ್ಟ್ ಎಂಬ ಹೆಸರಿನ ವಿಶೇಷ ಫೋಲ್ಡರ್ ಉಂಟು. ಅದರಲ್ಲಿಟ್ಟ ಪುಸ್ತಕಗಳೆಲ್ಲವೂ ತಂತ್ರಾಂಶವು ಪ್ರಾರಂಭವಾದಾಗಲೆಲ್ಲ ತಾವಾಗಿಯೇ ತೆರೆಯುತ್ತವೆ. ಈ ಫೋಲ್ಡರ್ ಎರಡು ಕಡೆ ಇರುತ್ತದೆ: ಒಂದು ಬಳಕೆದಾರನ ಸ್ವಂತ ವಿಭಾಗದಲ್ಲಿ, ಮತ್ತೊಂದು ತಂತ್ರಾಂಶವನ್ನು ಸ್ಥಾಪಿಸಿದ ಜಾಗದಲ್ಲಿ. ಒಂದನ್ನು ಬರಿದುಮಾಡಿ ಇನ್ನೊಂದನ್ನು ಮರೆಯುವುದರಿಂದಲೇ ಅನೇಕರ ಪ್ರಯತ್ನವು ವಿಫಲವಾಗುತ್ತದೆ. ಎರಡರ ವಿಳಾಸವನ್ನೂ ಅರಿಯಲು ಸುಲಭವಾದ ದಾರಿಯಿದೆ. ಆಪ್ಷನ್ಸ್‌ನಲ್ಲಿ ಟ್ರಸ್ಟ್ ಸೆಂಟರ್, ಅದರ ಸೆಟ್ಟಿಂಗ್ಸ್‌ನಲ್ಲಿ ಟ್ರಸ್ಟೆಡ್ ಲೊಕೇಷನ್ಸ್ ಎಂಬ ಪಟ್ಟಿಯನ್ನು ತೆರೆದರೆ ಯೂಸರ್ ಸ್ಟಾರ್ಟಪ್ ಮತ್ತು ಎಕ್ಸೆಲ್ ಸ್ಟಾರ್ಟಪ್ ಎಂಬ ವಿವರಣೆಯೊಡನೆ ಎರಡು ವಿಳಾಸಗಳೂ ಅಲ್ಲಿ ಬರೆದಿರುತ್ತವೆ. ಎಕ್ಸೆಲ್ ಅನ್ನು ಮುಚ್ಚಿ, ಆ ಫೋಲ್ಡರ್‌ಗಳಲ್ಲಿರುವ ಅನಗತ್ಯ ಕಡತಗಳನ್ನು ಬೇರೊಂದು ಸ್ಥಳಕ್ಕೆ ಸಾಗಿಸಬೇಕು. ಅಳಿಸುವ ಅವಸರ ಬೇಡ. ನಾಲ್ಕು ದಿನ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಆಮೇಲೆ ಅಳಿಸಬಹುದು.

ಗ. ಹೊಸ ಪುಸ್ತಕದ ಅಚ್ಚು. ಅದೇ ಫೋಲ್ಡರ್‌ನಲ್ಲಿ ‘ಬುಕ್’ ಎಂಬ ಹೆಸರಿನ ಟೆಂಪ್ಲೇಟ್ ಇದ್ದರೆ ಹೊಸದಾಗಿ ಹುಟ್ಟುವ ಪ್ರತಿಯೊಂದು ಪುಸ್ತಕವೂ ಅದರ ಅಚ್ಚಿನಲ್ಲಿಯೇ ಹುಟ್ಟುತ್ತದೆ. ಹೊಸ ಹಾಳೆಯು ಪೂರ್ಣ ಖಾಲಿಯಾಗಿರದೆ ಅಪರಿಚಿತವಾದ ತಲೆಬರಹವನ್ನೋ, ಬೇರೆ ಅಕ್ಷರಗಾತ್ರವನ್ನೋ ಹೊತ್ತು ಬಂದರೆ ಕಾರಣವನ್ನು ಇಲ್ಲಿ ಹುಡುಕಬೇಕು.

ಘ. ಪರ್ಯಾಯ ಆರಂಭದ ಫೋಲ್ಡರ್. ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ, ಜನರಲ್ ಎಂಬ ಉಪಶೀರ್ಷಿಕೆಯ ಕೆಳಗೆ, ಪ್ರಾರಂಭದಲ್ಲಿ ಯಾವ ಫೋಲ್ಡರ್‌ನ ಕಡತಗಳೆಲ್ಲವನ್ನೂ ತೆರೆಯಬೇಕು ಎಂದು ಬರೆಯುವ ಒಂದು ಪೆಟ್ಟಿಗೆಯಿದೆ. ಕಡತಗಳನ್ನು ಉಳಿಸುವ ಸ್ಥಳವನ್ನು ಸೂಚಿಸುವ ಪೆಟ್ಟಿಗೆ ಇದೇ ಎಂದು ಭ್ರಮಿಸಿ ಇಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್‌ನ ವಿಳಾಸವನ್ನು ಬರೆದುಬಿಟ್ಟರೆ ಎಕ್ಸೆಲ್ ಆ ಫೋಲ್ಡರ್‌ನಲ್ಲಿರುವ ಪ್ರತಿಯೊಂದು ಕಡತವನ್ನೂ ತೆರೆಯಲು ಹವಣಿಸುತ್ತದೆ. ಆಗ ಹತ್ತಾರು ಕಿಟಕಿಗಳು ಒಮ್ಮೆಲೇ ತೆರೆದು, ತನಗೆ ಸಂಬಂಧವಿಲ್ಲದ ಕಡತಗಳ ವಿಷಯದಲ್ಲಿ ತಂತ್ರಾಂಶವು ದೂರನ್ನೂ ಹೇಳುತ್ತದೆ. ಆ ಪೆಟ್ಟಿಗೆಯನ್ನು ಬರಿದುಮಾಡುವುದೇ ಪರಿಹಾರ.

ಙ. ಮ್ಯಾಕ್ರೋಗಳ ಪುಸ್ತಕ. ಪರ್ಸನಲ್ ಎಂಬ ಪುಸ್ತಕವು ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರ್‌ನಲ್ಲಿ ನೆಲೆಸಿ, ಪ್ರತಿಸಲವೂ ಮರೆಯಲ್ಲಿ ತೆರೆದುಕೊಂಡಿರುವುದು ಸಹಜ ಕ್ರಮ. ಯಾರಾದರೂ ವ್ಯೂ ಪಟ್ಟಿಯ ಅನ್‌ಹೈಡ್ ಆಜ್ಞೆಯಿಂದ ಅದನ್ನು ಹೊರಗೆ ತಂದು, ಹಾಗೆಯೇ ಉಳಿಸಿ ಮುಚ್ಚಿದರೆ ಅಂದಿನಿಂದ ಅದು ಬಹಿರಂಗವಾಗಿಯೇ ತೆರೆಯತೊಡಗುತ್ತದೆ. ಅದರ ಹಾಳೆಗಳಲ್ಲಿ ಸಾಮಾನ್ಯವಾಗಿ ಬರಹವಿರುವುದಿಲ್ಲವಾದ್ದರಿಂದ ಖಾಲಿ ಕಡತದಂತೆ ತೋರುತ್ತದೆ. ಇದನ್ನು ಕಸವೆಂದು ತಿಳಿದು ಅಳಿಸಿದರೆ ಒಳಗಿನ ಕಾರ್ಯಸರಣಿಗಳೆಲ್ಲವೂ ನಷ್ಟವಾಗುತ್ತವೆ. ಆ ಕಿಟಕಿಯಲ್ಲಿ ನಿಂತು ವ್ಯೂ ಪಟ್ಟಿಯ ಹೈಡ್ ಎಂಬುದನ್ನು ಒತ್ತಿ, ಎಕ್ಸೆಲ್ ಅನ್ನು ಪೂರ್ಣವಾಗಿ ಮುಚ್ಚಬೇಕು. ಪರ್ಸನಲ್ ಪುಸ್ತಕದ ಬದಲಾವಣೆಗಳನ್ನು ಉಳಿಸಬೇಕೆ ಎಂದು ಅದು ಕೇಳಿದಾಗ ಉಳಿಸು ಎಂದೇ ಉತ್ತರಿಸಬೇಕು. ಬೇಡವೆಂದರೆ ಮರೆಮಾಡಿದ ಸ್ಥಿತಿಯೂ ಉಳಿಯದೆ ಮರುದಿನ ತೊಡಕು ಯಥಾಪ್ರಕಾರ ಎದುರಾಗುತ್ತದೆ.

ಚ. ಪೂರಕ ತಂತ್ರಾಂಶಗಳು. ಆಡ್-ಇನ್ ಎಂದು ಕರೆಯಲ್ಪಡುವ ಪೂರಕಗಳು ಎಕ್ಸೆಲ್‌ನೊಡನೆ ತಾವೂ ಎಚ್ಚೆತ್ತು ತಮ್ಮ ಕೆಲಸಕ್ಕಾಗಿ ಹೊಸ ಪುಸ್ತಕವನ್ನು ತೆರೆಯಬಹುದು. ಆಪ್ಷನ್ಸ್‌ನ ಆಡ್-ಇನ್ಸ್ ಪುಟದ ಕೆಳಗಿರುವ ಮ್ಯಾನೇಜ್ ಎಂಬಲ್ಲಿ ಎಕ್ಸೆಲ್ ಆಡ್-ಇನ್ಸ್ ಮತ್ತು ಕಾಮ್ ಆಡ್-ಇನ್ಸ್ ಎರಡನ್ನೂ ಪ್ರತ್ಯೇಕವಾಗಿ ತೆರೆದು, ಗುರುತುಗಳನ್ನೆಲ್ಲ ತೆಗೆದು, ಒಂದೊಂದನ್ನೇ ಮರಳಿ ಹಾಕುತ್ತ ಪ್ರತಿಸಲ ತಂತ್ರಾಂಶವನ್ನು ಮುಚ್ಚಿ ತೆರೆದು ನೋಡಬೇಕು. ಯಾವುದನ್ನು ಹಾಕಿದಾಗ ಖಾಲಿ ಹಾಳೆ ಮರುಕಳಿಸುವುದೋ ಅದೇ ಕಾರಣ.

ಛ. ಯಂತ್ರದೊಡನೆ ಏಳುವ ಎಕ್ಸೆಲ್. ಗಣಕಯಂತ್ರವನ್ನು ಹಚ್ಚಿದೊಡನೆ, ಯಾರೂ ಒತ್ತದೆಯೇ ಎಕ್ಸೆಲ್ ತೆರೆಯುವುದಾದರೆ ಕಾರಣವು ಎಕ್ಸೆಲ್‌ನಲ್ಲಿಲ್ಲ, ವಿಂಡೋಸ್ ವ್ಯವಸ್ಥೆಯಲ್ಲಿದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪಟ್ಟಿಯಲ್ಲಿ ಎಕ್ಸೆಲ್ ಇದ್ದರೆ ಅದನ್ನು ನಿಲ್ಲಿಸಬೇಕು.

ಈ ಕಾರಣಗಳಲ್ಲಿ ಯಾವುದೆಂದು ಬೇಗ ನಿರ್ಣಯಿಸಲು ಒಂದು ಪರೀಕ್ಷೆಯುಂಟು. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಎಕ್ಸೆಲ್‌ನ ಚಿಹ್ನೆಯನ್ನು ಕ್ಲಿಕ್ ಮಾಡಿದರೆ ಸುರಕ್ಷಿತ ಸ್ಥಿತಿಯಲ್ಲಿ, ಅಂದರೆ ಸೇಫ್ ಮೋಡ್‌ನಲ್ಲಿ, ತೆರೆಯಬೇಕೆ ಎಂದು ಅದು ಕೇಳುತ್ತದೆ. ಒಪ್ಪಿದರೆ ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರ್, ಪರ್ಯಾಯ ಫೋಲ್ಡರ್ ಮತ್ತು ಪೂರಕ ತಂತ್ರಾಂಶಗಳು ಮೂರನ್ನೂ ಬದಿಗಿರಿಸಿ ಎಕ್ಸೆಲ್ ಏಳುತ್ತದೆ. ಆ ಸ್ಥಿತಿಯಲ್ಲಿ ತೊಡಕು ಕಾಣದಿದ್ದರೆ ಕಾರಣವು ಈ ಮೂರರಲ್ಲಿ ಒಂದೆಂಬುದು ಬಹುಮಟ್ಟಿಗೆ ಖಚಿತ. ಆಗಲೂ ಕಂಡರೆ ಉಳಿದ ಕಾರಣಗಳತ್ತ ದೃಷ್ಟಿ ಹರಿಸಬೇಕು.

೪. ಎರಡನೆಯ ಬಗೆ: ಬೇಕಾದುದು ಬಾರದಿರುವುದು

ಅಂಕಪಟ್ಟಿಯ ಚಿಹ್ನೆಯ ಮೇಲೆ ಎರಡು ಬಾರಿ ಒತ್ತಿದಾಗ ಎಕ್ಸೆಲ್ ಎದ್ದು ಬಂದು, ಕಡತವು ಮಾತ್ರ ಕಾಣದೆ ಹೋದರೆ ಮೊದಲು ವ್ಯೂ ಪಟ್ಟಿಯಲ್ಲಿ ಅನ್‌ಹೈಡ್ ಎಂಬ ಆಜ್ಞೆಯನ್ನು ನೋಡಬೇಕು. ಅದು ಮಸುಕಾಗಿರದೆ ಒತ್ತಲು ಬರುವಂತಿದ್ದರೆ ಯಾವುದೋ ಪುಸ್ತಕವು ಮರೆಯಲ್ಲಿದೆ. ಒತ್ತಿದಾಗ ಮೂಡುವ ಪಟ್ಟಿಯಲ್ಲಿ ನಮ್ಮ ಕಡತದ ಹೆಸರಿದ್ದರೆ ಅದನ್ನು ಆರಿಸಿ ಹೊರತಂದು, ಕಾಣುವ ಸ್ಥಿತಿಯಲ್ಲಿಯೇ ಉಳಿಸಬೇಕು. ಪಟ್ಟಿಯಲ್ಲಿ ಪರ್ಸನಲ್ ಒಂದೇ ಇದ್ದರೆ ಅದನ್ನು ಅಲ್ಲಿಯೇ ಬಿಟ್ಟುಬಿಡಬೇಕು.

ಎರಡನೆಯದಾಗಿ, ಫೈಲ್ ಪಟ್ಟಿಯ ಓಪನ್ ಆಜ್ಞೆಯಿಂದ ಅದೇ ಕಡತವನ್ನು ತೆರೆದು ನೋಡಬೇಕು. ಹಾಗೆ ತೆರೆಯುವುದಾದರೆ ಕಡತವು ಆರೋಗ್ಯವಾಗಿದೆ. ವಿಂಡೋಸ್ ವ್ಯವಸ್ಥೆಯು ಎಕ್ಸೆಲ್‌ಗೆ ಕಳುಹಿಸುವ ಸಂದೇಶವು ಮಾತ್ರ ದಾರಿಯಲ್ಲಿ ತಪ್ಪಿದೆ. ಒಂದು ತಂತ್ರಾಂಶವು ಮತ್ತೊಂದರೊಡನೆ ಸಂಭಾಷಿಸಲು ೧೯೮೭ರ ಕಾಲದ ವಿಂಡೋಸ್‌ನಲ್ಲಿಯೇ ಬಂದ ಡಿಡಿಇ ಎಂಬ ಹಳೆಯ ಪದ್ಧತಿಯೊಂದಿದೆ. ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದ ಜನರಲ್ ವಿಭಾಗದಲ್ಲಿ, ಈ ಪದ್ಧತಿಯಲ್ಲಿ ಮಾತನಾಡುವ ಇತರ ತಂತ್ರಾಂಶಗಳನ್ನು ಕಡೆಗಣಿಸು ಎಂಬ ಅರ್ಥದ ಗುರುತಿನ ಚೌಕವಿದೆ. ಅಲ್ಲಿ ಗುರುತು ಬಿದ್ದಿದ್ದರೆ, ಕಡತದ ಮೇಲೆ ಒತ್ತಿದಾಗ ಎಕ್ಸೆಲ್ ಏಳುತ್ತದೆಯೇ ಹೊರತು ಯಾವ ಕಡತವನ್ನು ತೆರೆಯಬೇಕೆಂಬ ಮಾತು ಅದಕ್ಕೆ ಕೇಳಿಸುವುದಿಲ್ಲ. ಫಲವಾಗಿ ಬರಿಯ ಕಿಟಕಿ ನಿಲ್ಲುತ್ತದೆ. ಗುರುತನ್ನು ತೆಗೆದರೆ ತೊಡಕು ನಿವಾರಣೆಯಾಗುತ್ತದೆ.

ಮೂರನೆಯದಾಗಿ, ಕಡತದ ಬಗೆಗೂ ತಂತ್ರಾಂಶಕ್ಕೂ ಇರುವ ನಂಟು ಕೆಟ್ಟಿರಬಹುದು. ಒಂದೇ ಯಂತ್ರದಲ್ಲಿ ಹಳೆಯ ಮತ್ತು ಹೊಸ ಆವೃತ್ತಿಗಳೆರಡನ್ನೂ ಸ್ಥಾಪಿಸಿದಾಗ, ಅಥವಾ ಒಂದನ್ನು ಅರೆಬರೆಯಾಗಿ ತೆಗೆದುಹಾಕಿದಾಗ ಹೀಗಾಗುವುದುಂಟು. ಕಡತದ ಮೇಲೆ ಬಲಗುಂಡಿಯನ್ನು ಒತ್ತಿ, ಓಪನ್ ವಿತ್ ಎಂಬಲ್ಲಿ ಬಳಕೆಯಲ್ಲಿರುವ ಎಕ್ಸೆಲ್ ಅನ್ನೇ ಆರಿಸಿ, ಯಾವಾಗಲೂ ಇದನ್ನೇ ಬಳಸು ಎಂದು ಸೂಚಿಸಬೇಕು. ಅದರಿಂದಲೂ ಸರಿಹೋಗದಿದ್ದರೆ ವಿಂಡೋಸ್‌ನ ತಂತ್ರಾಂಶಗಳ ಪಟ್ಟಿಯಲ್ಲಿ ಆಫೀಸ್ ಅನ್ನು ಆರಿಸಿ, ಮಾಡಿಫೈ ಎಂಬಲ್ಲಿ ರಿಪೇರ್ ಮಾಡಿಸಬೇಕು. ಕ್ವಿಕ್ ರಿಪೇರ್ ಎಂಬುದಕ್ಕೆ ಅಂತರಜಾಲದ ಸಂಪರ್ಕ ಬೇಕಿಲ್ಲ. ಆನ್‌ಲೈನ್ ರಿಪೇರ್ ಎಂಬುದಕ್ಕೆ ಸಂಪರ್ಕವೂ ಹೆಚ್ಚಿನ ಸಮಯವೂ ಬೇಕು. ಮೊದಲನೆಯದನ್ನು ಮುಗಿಸಿ ನೋಡಿದ ಮೇಲೆಯೇ ಎರಡನೆಯದಕ್ಕೆ ಕೈಹಾಕುವುದು ಲೇಸು.

ನಾಲ್ಕನೆಯದಾಗಿ, ಕಡತವು ತೆರೆದಿದ್ದರೂ ತೆರೆಯ ಮೇಲೆ ಚಿತ್ರವು ಮೂಡದಿರಬಹುದು. ಹಳೆಯ ಯಂತ್ರಗಳ ಚಿತ್ರಘಟಕವು ಹೊಸ ತಂತ್ರಾಂಶದೊಡನೆ ಹೊಂದಿಕೊಳ್ಳದಿದ್ದಾಗ ಇದು ಸಂಭವಿಸುತ್ತದೆ. ಅಡ್ವಾನ್ಸ್ಡ್ ಪುಟದ ಡಿಸ್‌ಪ್ಲೇ ವಿಭಾಗದಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಷನ್ ಅನ್ನು ನಿಲ್ಲಿಸುವ ಗುರುತು ಇದ್ದರೆ ಅದನ್ನು ಹಾಕಿ, ಎಕ್ಸೆಲ್ ಅನ್ನು ಮುಚ್ಚಿ ತೆರೆದು ಪರೀಕ್ಷಿಸಬಹುದು.

೫. ಮೂರನೆಯ ಬಗೆ: ಬರಹವು ಕಾಣದಿರುವುದು

ಕಡತದ ಹೆಸರು ಸರಿಯಾಗಿದ್ದು ಹಾಳೆ ಮಾತ್ರ ಬರಿದಾಗಿ ತೋರಿದರೆ ಅಧ್ಯಾಪಕರ ಎದೆ ನಡುಗುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಬರಹವು ಎಲ್ಲಿಯೂ ಹೋಗಿರುವುದಿಲ್ಲ. ಲಕ್ಷಾಂತರ ಸಾಲುಗಳ ಹಾಳೆಯಲ್ಲಿ ನೋಟವು ದೂರ ಸರಿದಿರಬಹುದು; ಕಂಟ್ರೋಲ್ ಮತ್ತು ಹೋಮ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಾಳೆಯ ಆರಂಭಕ್ಕೂ, ಕಂಟ್ರೋಲ್ ಮತ್ತು ಎಂಡ್ ಒತ್ತಿದರೆ ಬಳಸಿದ ಭಾಗದ ಕೊನೆಗೂ ಹೋಗಬಹುದು. ಫಿಲ್ಟರ್ ಹಾಕಿ ಕೆಲವು ಸಾಲುಗಳನ್ನು ಮಾತ್ರ ಆರಿಸಿ ಮರೆತಿರಬಹುದು. ಎಡಬದಿಯ ಸಾಲುಗಳ ಸಂಖ್ಯೆಗಳು ನೀಲಿ ಬಣ್ಣಕ್ಕೆ ತಿರುಗಿ, ನಡುನಡುವೆ ಬಿಟ್ಟುಹೋಗಿದ್ದರೆ ಇದೇ ಕಾರಣ. ಬರಹವಿರುವ ಹಾಳೆಯನ್ನೇ ಮರೆಮಾಡಿರಬಹುದು. ಕೆಳಗಿನ ಹಾಳೆಗಳ ಹೆಸರಿನ ಮೇಲೆ ಬಲಗುಂಡಿಯನ್ನು ಒತ್ತಿದಾಗ ಅನ್‌ಹೈಡ್ ಎಂಬುದು ಒತ್ತಲು ಬರುವಂತಿದ್ದರೆ ಮರೆಯಾದ ಹಾಳೆ ಉಂಟೆಂದು ತಿಳಿಯಬೇಕು.

ಇವಾವುವೂ ಅಲ್ಲವಾದರೆ ಕಡತದ ಗಾತ್ರವನ್ನು ನೋಡಬೇಕು. ಏನೂ ಬರೆಯದ ಪುಸ್ತಕವೂ ಕೆಲವು ಕಿಲೋಬೈಟ್‌ಗಳಷ್ಟು ಇದ್ದೇ ಇರುತ್ತದೆ. ನೂರಾರು ವಿದ್ಯಾರ್ಥಿಗಳ ವಿವರವಿದ್ದ ಕಡತವು ಅಷ್ಟಕ್ಕೇ ಇಳಿದಿದ್ದರೆ ಅದರ ಮೇಲೆ ಖಾಲಿ ಪುಸ್ತಕವನ್ನು ಉಳಿಸಿರುವ ಸಂಭವವೇ ಹೆಚ್ಚು. ಗಾತ್ರವು ಸೊನ್ನೆಯಾಗಿದ್ದರೆ ಉಳಿಸುವ ನಡುವೆಯೇ ವಿದ್ಯುತ್ತು ಹೋಗಿರಬಹುದು, ಅಥವಾ ಪೆನ್ ಡ್ರೈವ್ ಅನ್ನು ಅಕಾಲದಲ್ಲಿ ಕಿತ್ತಿರಬಹುದು. ಗಾತ್ರವು ಮೊದಲಿನಷ್ಟೇ ಇದ್ದು ತೆರೆಯಲು ಮಾತ್ರ ಬಾರದಿದ್ದರೆ ಓಪನ್ ಗುಂಡಿಯ ಪಕ್ಕದ ಬಾಣವನ್ನು ಒತ್ತಿ ಓಪನ್ ಅಂಡ್ ರಿಪೇರ್ ಎಂಬುದನ್ನು ಪ್ರಯೋಗಿಸಬೇಕು. ಇದನ್ನು ಮೂಲ ಕಡತದ ಮೇಲೆ ಮಾಡದೆ ಅದರ ನಕಲಿನ ಮೇಲೆ ಮಾಡುವುದು ವಿವೇಕ.

ಉಳಿಸದೆಯೇ ಮುಚ್ಚಿದ ಪುಸ್ತಕಕ್ಕಾಗಿ ಫೈಲ್ ಪಟ್ಟಿಯ ಇನ್ಫೋ ಪುಟದಲ್ಲಿ ಮ್ಯಾನೇಜ್ ವರ್ಕ್‌ಬುಕ್ ಎಂಬಲ್ಲಿ ಉಳಿಸದ ಪುಸ್ತಕಗಳನ್ನು ಮರಳಿ ಪಡೆಯುವ ಆಜ್ಞೆಯಿದೆ. ಎಕ್ಸೆಲ್ ಸಾಮಾನ್ಯವಾಗಿ ೧೦ ನಿಮಿಷಕ್ಕೊಮ್ಮೆ ತಾನಾಗಿಯೇ ಒಂದು ಪ್ರತಿಯನ್ನು ತೆಗೆದಿಡುವುದರಿಂದ ಅಲ್ಲಿ ಏನಾದರೂ ದೊರೆಯುವ ಆಸೆಯುಂಟು. ಕಡತವು ಒನ್‌ಡ್ರೈವ್‌ನಲ್ಲಿ ಇದ್ದಿದ್ದರೆ ಅದರ ಹಿಂದಿನ ರೂಪಗಳನ್ನು ವರ್ಷನ್ ಹಿಸ್ಟರಿಯಲ್ಲಿ ಹುಡುಕಬಹುದು.

೬. ಒಂದು ಎಚ್ಚರಿಕೆ

ಯಾರೂ ಮ್ಯಾಕ್ರೋ ಬರೆಯದ ಯಂತ್ರದಲ್ಲಿ ಪರ್ಸನಲ್ ಎಂಬ ಪುಸ್ತಕವು ಹುಟ್ಟಿಕೊಂಡರೆ ಅದನ್ನು ಸಂದೇಹದಿಂದಲೇ ನೋಡಬೇಕು. ೧೯೯೬ರ ಜುಲೈ ತಿಂಗಳಿನಲ್ಲಿ ಪತ್ತೆಯಾದ ಲರೂ ಎಂಬ ಎಕ್ಸೆಲ್ ವೈರಸ್ ಇದೇ ಹೆಸರಿನ ಪುಸ್ತಕವನ್ನು ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರ್‌ನಲ್ಲಿ ತಾನೇ ನಿರ್ಮಿಸಿ, ಆಮೇಲೆ ತೆರೆದ ಪುಸ್ತಕಗಳಿಗೆಲ್ಲ ಹರಡುತ್ತಿತ್ತು. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಡೆಯುವ ಕ್ರಮವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೨ರಲ್ಲಿ ಜಾರಿಗೆ ತಂದಿತು. ಆದರೂ ಪೆನ್ ಡ್ರೈವ್‌ನ ಮೂಲಕ ಕೈಯಿಂದ ಕೈಗೆ ಸಾಗುವ ಕಡತಗಳ ವಿಷಯದಲ್ಲಿ ಅಜಾಗರೂಕತೆ ಸಲ್ಲದು. ಇಂಥ ಪುಸ್ತಕವನ್ನು ತೆರೆಯದೆ ಮೊದಲು ವೈರಸ್ ಪರೀಕ್ಷೆ ಮಾಡಿಸಬೇಕು.

ಲಿಬ್ರೆ ಆಫೀಸ್‌ನ ಕ್ಯಾಲ್ಕ್ ತಂತ್ರಾಂಶವನ್ನು ಬಳಸುವವರಿಗೂ ಒಂದು ಮಾತು. ಅಲ್ಲಿ ಖಾಲಿ ಪುಸ್ತಕವು ‘ಅನ್‌ಟೈಟಲ್ಡ್ ೧’ ಎಂಬ ಹೆಸರಿನಿಂದ ತೋರುತ್ತದೆ. ಹೆಲ್ಪ್ ಪಟ್ಟಿಯಲ್ಲಿ ಸುರಕ್ಷಿತ ಸ್ಥಿತಿಯಲ್ಲಿ ಮರುಪ್ರಾರಂಭಿಸುವ ಆಜ್ಞೆಯಿದ್ದು, ದೋಷವು ಬಳಕೆದಾರನ ವ್ಯವಸ್ಥೆಗಳಲ್ಲಿದೆಯೆ ಎಂಬುದನ್ನು ಅದರಿಂದಲೇ ಪರೀಕ್ಷಿಸಬಹುದು. ತಂತ್ರಾಂಶವು ಬೇರೆಯಾದರೂ ಪರೀಕ್ಷೆಯ ಕ್ರಮವು ಒಂದೇ.

೭. ಶಾಲಾ ಕಚೇರಿಯಲ್ಲಿ ಪಾಲಿಸಬೇಕಾದ ಪದ್ಧತಿ

ಮೇಲಿನ ವಿವೇಚನೆಯಿಂದ ಕಾರ್ಯಕ್ರಮವೊಂದು ಸಿದ್ಧವಾಗುತ್ತದೆ. ಇದನ್ನು ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡುವುದು ಉಚಿತ.

(೧) ಖಾಲಿ ಹಾಳೆಯಲ್ಲಿ ಬರೆಯಬೇಡಿ, ಉಳಿಸಬೇಡಿ. ಮೇಲ್ತುದಿಯ ಹೆಸರನ್ನು ಬರೆದುಕೊಳ್ಳಿ.
(೨) ಮೂಲ ಕಡತದ ಗಾತ್ರವನ್ನೂ ಕೊನೆಯ ಬಾರಿ ಬದಲಾದ ದಿನಾಂಕವನ್ನೂ ನೋಡಿ, ಅದರ ಒಂದು ನಕಲನ್ನು ಬೇರೆಡೆ ಇಡಿ.
(೩) ಫೈಲ್ ಪಟ್ಟಿಯ ಓಪನ್ ಆಜ್ಞೆಯಿಂದ ತೆರೆದು ನೋಡಿ.
(೪) ವ್ಯೂ ಪಟ್ಟಿಯ ಅನ್‌ಹೈಡ್ ಪರೀಕ್ಷಿಸಿ.
(೫) ಸುರಕ್ಷಿತ ಸ್ಥಿತಿಯಲ್ಲಿ ತೆರೆದು ನೋಡಿ.
(೬) ಆರಂಭದ ಫೋಲ್ಡರ್‌ಗಳು, ಪರ್ಯಾಯ ಫೋಲ್ಡರ್‌ನ ಪೆಟ್ಟಿಗೆ, ಪೂರಕ ತಂತ್ರಾಂಶಗಳು, ಡಿಡಿಇ ಗುರುತು ಇವನ್ನು ಒಂದೊಂದಾಗಿ ಪರೀಕ್ಷಿಸಿ.
(೭) ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಮಾಡಿದುದನ್ನು ಬರೆದಿಡಿ.

ಏಳನೆಯ ಸೂತ್ರವು ವಿಶೇಷ ಗಮನಕ್ಕೆ ಅರ್ಹವಾಗಿದೆ. ನಾಲ್ಕು ಬದಲಾವಣೆಗಳನ್ನು ಒಮ್ಮೆಲೇ ಮಾಡಿ ತೊಡಕು ಪರಿಹಾರವಾದರೂ ಯಾವುದರಿಂದ ಪರಿಹಾರವಾಯಿತೆಂದು ತಿಳಿಯದು. ಮರಳಿ ಬಂದಾಗ ಮೊದಲಿನಿಂದಲೇ ಹುಡುಕಬೇಕಾಗುತ್ತದೆ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ನಮ್ಮ ಅಧ್ಯಾಪಕರು ಮಕ್ಕಳಿಗೆ ಕಲಿಸುವುದೂ ಇದನ್ನೇ ಅಲ್ಲವೆ? ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವ ಈ ಶಿಸ್ತನ್ನು ಗಣಕಯಂತ್ರದ ಎದುರಿನಲ್ಲಿಯೂ ಬಿಡಬಾರದು. ಎಂಟನೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಪಾಠವನ್ನಾಗಿ ಮಾಡಿ, ಒಂದು ನಿರುಪಯುಕ್ತ ಕಡತವನ್ನು ಆರಂಭದ ಫೋಲ್ಡರ್‌ನಲ್ಲಿಟ್ಟು, ಕಾರಣವನ್ನು ಅವರಿಂದಲೇ ಹುಡುಕಿಸಬಹುದು. ಕಂಠಪಾಠದಿಂದ ಬಾರದ ವಿವೇಚನಾಶಕ್ತಿಯು ಇಂಥ ಅಭ್ಯಾಸದಿಂದ ಬೆಳೆಯುತ್ತದೆ.

ಇದರೊಡನೆ ನಿತ್ಯದ ಎರಡು ಪದ್ಧತಿಗಳು ರೂಢಿಗೆ ಬರಬೇಕು. ಕಡತಗಳಿಗೆ ‘ಬುಕ್ ೧’, ‘ಹೊಸದು’, ‘ಕೊನೆಯದು’ ಎಂಬಂಥ ಹೆಸರುಗಳನ್ನು ಇಡದೆ ತರಗತಿ, ವಿಷಯ ಮತ್ತು ವರ್ಷವನ್ನು ಸೂಚಿಸುವ ಹೆಸರುಗಳನ್ನೇ ಇಡಬೇಕು. ಆಗ ಖಾಲಿ ಪುಸ್ತಕವು ಎಷ್ಟೇ ಬಾರಿ ಬಂದರೂ ನಿಜವಾದ ಕಡತದೊಡನೆ ಬೆರೆಯದು. ವಾರಕ್ಕೊಮ್ಮೆ ಮುಖ್ಯ ಕಡತಗಳ ನಕಲನ್ನು ಬೇರೊಂದು ಸಾಧನದಲ್ಲಿ ತೆಗೆದಿಟ್ಟು, ಹಾಗೆ ತೆಗೆದ ದಿನಾಂಕವನ್ನು ಒಂದು ವಹಿಯಲ್ಲಿ ಬರೆದು ಮುಖ್ಯೋಪಾಧ್ಯಾಯರು ಸಹಿ ಮಾಡಬೇಕು. ಹಳೆಯ ಕಾಲದಲ್ಲಿ ಖಿರ್ದಿಯನ್ನು ದಿನವೂ ತಾಳೆ ನೋಡಿ ಮುಚ್ಚುತ್ತಿದ್ದ ಪದ್ಧತಿಯ ಹೊಸ ರೂಪವಿದು.

ಇನ್ನು ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ದಾನಿಗಳಲ್ಲಿ ಒಂದು ವಿನಂತಿ. ತಮ್ಮ ಕಚೇರಿಗಳಲ್ಲಿ ಬಳಸಿದ ಗಣಕಯಂತ್ರಗಳನ್ನು ಶಾಲೆಗಳಿಗೆ ಕಾಣಿಕೆಯಾಗಿ ನೀಡುವ ಸತ್ಸಂಪ್ರದಾಯವು ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಯಂತ್ರದೊಡನೆ ಹಳೆಯ ಕಚೇರಿಯ ಆರಂಭದ ಫೋಲ್ಡರ್‌ಗಳೂ, ಪೂರಕ ತಂತ್ರಾಂಶಗಳೂ, ಈಗ ಇಲ್ಲದ ಜಾಲದ ವಿಳಾಸಗಳೂ ಶಾಲೆಗೆ ಬಂದುಬಿಡುತ್ತವೆ. ಅಲ್ಲಿ ಉಪಯುಕ್ತವಾಗಿದ್ದ ವ್ಯವಸ್ಥೆಯೇ ಇಲ್ಲಿ ಅರ್ಥವಾಗದ ಖಾಲಿ ಹಾಳೆಯಾಗಿ ಕಾಡುತ್ತದೆ. ಹಳೆಯ ಕಚೇರಿಯ ಗೋಪ್ಯ ಲೆಕ್ಕಗಳೂ ಅದರಲ್ಲಿ ಉಳಿದಿರಬಹುದೆಂಬುದು ದಾನಿಗಳು ಯೋಚಿಸಬೇಕಾದ ಮತ್ತೊಂದು ಅಂಶ. ಆದ್ದರಿಂದ ಯಂತ್ರವನ್ನು ಪೂರ್ಣವಾಗಿ ಬರಿದುಮಾಡಿ, ವಿಂಡೋಸ್ ಮತ್ತು ಕೋಷ್ಟಕ ತಂತ್ರಾಂಶಗಳನ್ನು ಹೊಸದಾಗಿ ಸ್ಥಾಪಿಸಿ, ಅವುಗಳ ಪರವಾನಿಗೆಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಕೊಡುವುದಾದರೆ ಕಾಣಿಕೆಯು ಸಾರ್ಥಕವಾಗುತ್ತದೆ. ವರ್ಷಕ್ಕೆ ಒಂದು ದಿನ ಶಾಲೆಗೆ ಬಂದು ಯಂತ್ರಗಳನ್ನು ಪರೀಕ್ಷಿಸಿ, ಅಧ್ಯಾಪಕರೊಡನೆ ಕುಳಿತು ಇಂಥ ತೊಡಕುಗಳನ್ನು ಬಿಡಿಸಿಕೊಡುವ ಹಳೆಯ ವಿದ್ಯಾರ್ಥಿಯ ಸೇವೆಯು ಹೊಸ ಯಂತ್ರದ ದಾನಕ್ಕಿಂತ ಕಡಮೆಯದೇನೂ ಅಲ್ಲ. ಅದೂ ದಾಸೋಹವೇ.

ಬಡ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನವು ಇಂದು ಕೋಷ್ಟಕದ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಆ ಸಾಲು ಅಳಿದರೆ ಅವನ ಶುಲ್ಕಕ್ಕೆ ಒದಗಬೇಕಾದ ಹಣವು ತಡವಾಗುತ್ತದೆ. ತಡವಾದ ಹಣಕ್ಕಾಗಿ ಅವನ ತಂದೆತಾಯಿಗಳು ಕಚೇರಿಗೆ ಅಲೆಯಬೇಕಾಗುತ್ತದೆ. ಖಾಲಿ ಹಾಳೆಯ ಮುಂದೆ ಎರಡು ನಿಮಿಷ ತಾಳ್ಮೆಯಿಂದ ಕುಳಿತು, ಹೆಸರನ್ನು ಓದಿ, ಕಾರಣವನ್ನು ಹುಡುಕುವುದು ಆ ಮಗುವಿಗೆ ನಾವು ಸಲ್ಲಿಸುವ ಸೇವೆಯೇ ಆಗಿದೆ. ಅಧ್ಯಾಪಕ ಬಂಧುಗಳು ಈ ಕ್ರಮವನ್ನು ತಮ್ಮ ತಮ್ಮ ಶಾಲೆಗಳಲ್ಲಿ ಪ್ರಯೋಗಿಸಿ ನೋಡಿ, ತಮ್ಮ ಅನುಭವದಿಂದ ತಿಳಿದುಬಂದ ಹೊಸ ಕಾರಣಗಳನ್ನು ಈ ಪಟ್ಟಿಗೆ ಸೇರಿಸುತ್ತ ಹೋಗುವರೆಂದು ಆಶಿಸುತ್ತೇನೆ.